ಬಿದ್ದ ಮೇಲಿನ ತಲೆನೋವು



ನಿಮ್ಮ ಮನೆಯಲ್ಲಿ ವಯಸ್ಸಾದ ತಾಯಿಯೋ ತಂದೆಯೋ ಇದ್ದರೆ ಈ ಮಾತನ್ನು ಕೇಳಿಯೇ ಇರುತ್ತೀರಿ: "ಏನೂ ಆಗಿಲ್ಲ, ಸ್ವಲ್ಪ ಜಾರಿದೆ ಅಷ್ಟೆ." ಬಚ್ಚಲಿನಲ್ಲಿ ಬಿದ್ದವರು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದವರು, ಬೆಳಗಿನ ಬಲಿಪೂಜೆಗೆ ಹೊರಟು ದೇವಾಲಯದ ಮೆಟ್ಟಿಲಿನಲ್ಲೇ ಮುಗ್ಗರಿಸಿದವರು, ಎಲ್ಲರದೂ ಇದೇ ಮಾತು. ಧರ್ಮಕೇಂದ್ರದ ಮನೆಗಳನ್ನು ಹಲವು ವರ್ಷಗಳಿಂದ ಸಂದರ್ಶಿಸುತ್ತಾ ಬಂದಿರುವ ನನಗೆ, ಈ ಮಾತಿನ ಹಿಂದಿರುವುದು ಬಹುಪಾಲು ಧೈರ್ಯವಲ್ಲ, ಸಂಕೋಚ ಎಂದು ತೋರುತ್ತದೆ. ಮಗನ ಒಂದು ದಿನದ ಕೂಲಿ ತಪ್ಪಬಾರದು, ಸೊಸೆ ರಜೆ ಹಾಕುವಂತಾಗಬಾರದು, ಆಸ್ಪತ್ರೆಯ ಖರ್ಚು ಮನೆಯವರ ತಲೆಯ ಮೇಲೆ ಬೀಳಬಾರದು. ಈ ಭಾವನೆ ಗೌರವಕ್ಕೆ ಅರ್ಹವಾದುದೇ. ಆದರೆ ತಲೆಗೆ ಪೆಟ್ಟು ಬಿದ್ದಾಗ ಆ ಮಾತನ್ನು ನಂಬಿ ಮನೆಯವರು ಸುಮ್ಮನಿರಬಾರದು.

ನಾನು ವೈದ್ಯನಲ್ಲ. ಗುರುಮಠದಲ್ಲಿ ನಮಗೆ ಕಲಿಸಿದ್ದು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಆದರೂ ರೋಗಿಗಳ ಹಾಸಿಗೆಯ ಬಳಿ ನಿಂತು ನಿಂತು, ವೈದ್ಯರು ಮನೆಯವರಿಗೆ ಮತ್ತೆ ಮತ್ತೆ ಹೇಳುವ ಕೆಲವು ಮಾತುಗಳು ನನಗೂ ಬಾಯಿಪಾಠವಾಗಿವೆ. ಅವುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಅನಗತ್ಯವಾಗಿ ಹೆದರಬೇಡಿ. ಬಿದ್ದವರಲ್ಲಿ ಹೆಚ್ಚಿನವರಿಗೆ ಬರುವ ತಲೆನೋವು ಸಾಧಾರಣವಾದದ್ದು. ತಲೆಬುರುಡೆಯೊಳಗೆ ಮೆದುಳು ಅಲುಗಿದ್ದರಿಂದ ಒಂದೆರಡು ದಿನ ನೋವು, ಮಂಕು, ಬೆಳಕನ್ನು ಕಂಡರೆ ಕಿರಿಕಿರಿ ಇರಬಹುದು. ವಿಶ್ರಾಂತಿಯಿಂದ ದಿನೇ ದಿನೇ ಇಳಿಯುತ್ತದೆ. ಇಳಿಯುತ್ತಿದೆಯೇ, ಏರುತ್ತಿದೆಯೇ ಎಂಬುದನ್ನೇ ಗಮನಿಸಬೇಕು. ತಲೆಬುರುಡೆ ಮುಚ್ಚಿದ ಪೆಟ್ಟಿಗೆಯಿದ್ದಂತೆ. ಒಳಗೆ ರಕ್ತನಾಳವೊಂದು ಹರಿದು ರಕ್ತ ಶೇಖರವಾಗತೊಡಗಿದರೆ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಅದು ಮೆದುಳನ್ನೇ ಒತ್ತುತ್ತದೆ. ಹೊರಗೆ ಗಾಯವಿಲ್ಲದಿದ್ದರೂ, ಒಂದು ತೊಟ್ಟು ರಕ್ತ ಸುರಿಯದಿದ್ದರೂ ಹೀಗಾಗಬಹುದು.

ಇನ್ನೂ ಮೋಸಗೊಳಿಸುವ ಸಂಗತಿಯೊಂದಿದೆ. ಇಂಥ ಪೆಟ್ಟಿನ ನಂತರ ಕೆಲವರು ಕೆಲಕಾಲ ಪೂರ್ತಿ ಚೆನ್ನಾಗಿಯೇ ಇರುತ್ತಾರೆ. ಎದ್ದು ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ನಗುತ್ತಾರೆ. 2009ರ ಮಾರ್ಚ್‌ನಲ್ಲಿ ನತಾಶಾ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ನಟಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಿಮದ ಮೇಲೆ ಜಾರುವ ಆಟದ ಪಾಠ ಕಲಿಯುತ್ತಿದ್ದಾಗ, ಹೊಸಬರಿಗೆಂದೇ ಇರುವ ಇಳಿಜಾರಿನಲ್ಲಿ ಬಿದ್ದರು. ತನಗೇನೂ ಆಗಿಲ್ಲವೆಂದರು; ಬಂದ ಆಂಬ್ಯುಲೆನ್ಸ್ ಹಿಂದಿರುಗಿತು. ಸುಮಾರು ಒಂದು ಗಂಟೆಯ ನಂತರ ತಲೆನೋವು ಶುರುವಾಯಿತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು. ಆಗ ಅವರ ವಯಸ್ಸು 45. ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಸ್ರವಿಸಿತ್ತು. ಹಣ, ಅನುಕೂಲ, ಸಹಾಯಕರು ಎಲ್ಲ ಇದ್ದವರಿಗೇ ಹೀಗಾಯಿತೆಂದರೆ ನಮ್ಮ ಕಾಫಿ ಸೀಮೆಯ ಕಾರ್ಮಿಕನ ಪಾಡೇನು?

ಅಂಥವನೊಬ್ಬನನ್ನು ನಾನೇ ಸಮಾಧಿ ಮಾಡಿದ್ದೇನೆ. ಮೆಣಸಿನ ಕೊಯ್ಲಿನ ಕಾಲ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಬಿದ್ದ. ಎದ್ದು ಮೈ ಕೊಡವಿಕೊಂಡು ಮನೆಗೆ ನಡೆದೇ ಹೋದ. ನೋವು ಮರೆಯಲೆಂದು ಸಂಜೆ ಸ್ವಲ್ಪ ಕುಡಿದ. ರಾತ್ರಿ ಎರಡು ಸಲ ವಾಂತಿಯಾಯಿತು, ನಂತರ ಜೋರಾಗಿ ಗೊರಕೆ ಹೊಡೆಯುತ್ತಾ ಮಲಗಿದ. ಕುಡಿದಿದ್ದಾನೆ, ಮಲಗಲಿ ಎಂದುಕೊಂಡ ಹೆಂಡತಿ ಚಾಪೆ ತೊಳೆದು ಹಾಕಿದಳು. ಬೆಳಗಾದಾಗ ಅವನು ಎಚ್ಚರಗೊಳ್ಳಲಿಲ್ಲ. ಊರಿನವರು ಕುಡಿತವೇ ಕೊಂದಿತೆಂದರು. ಕುಡಿತವನ್ನು ನಾನು ಸಮರ್ಥಿಸುವವನಲ್ಲ, ಪೀಠದಿಂದ ಅದರ ವಿರುದ್ಧ ಎಷ್ಟೋ ಸಲ ಮಾತನಾಡಿದ್ದೇನೆ. ಆದರೆ ಕುಡಿದು ಬಿದ್ದವನ ತಲೆಗೂ ಪೆಟ್ಟಾಗುತ್ತದೆ. ಅವನ ತೊದಲು, ವಾಂತಿ, ನಿದ್ದೆ ಎಲ್ಲವನ್ನೂ ಮದ್ಯದ ಲೆಕ್ಕಕ್ಕೆ ಬರೆದುಬಿಡುವುದರಿಂದ ಅವನಿಗೆ ಅಪಾಯ ಇಮ್ಮಡಿ. ಅವನನ್ನು ಬೈಯುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಬೈಯೋಣ.

ವೃದ್ಧರಲ್ಲಿ ಇದು ಬೇರೊಂದು ರೂಪದಲ್ಲಿ, ನಿಧಾನವಾಗಿ ಬರುತ್ತದೆ. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ; ಅದನ್ನು ಹೊದಿಕೆಗೆ ಜೋಡಿಸುವ ಸೂಕ್ಷ್ಮ ರಕ್ತನಾಳಗಳು ಎಳೆದು ಕಟ್ಟಿದಂತಾಗಿರುತ್ತವೆ. ಸಣ್ಣದೊಂದು ಪೆಟ್ಟಿಗೂ ಅವು ಹರಿದು, ರಕ್ತ ವಾರಗಟ್ಟಲೆ ತೊಟ್ಟು ತೊಟ್ಟಾಗಿ ಸೇರುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡು ಬಿದ್ದಿದ್ದರು. ಬುಗುಟು ಎರಡು ದಿನದಲ್ಲಿ ಇಳಿಯಿತು, ಎಲ್ಲರೂ ಮರೆತರು. ತಿಂಗಳ ನಂತರ ಬೆಳಗಿನ ಹೊತ್ತು ತಲೆನೋವು ಎನ್ನತೊಡಗಿದರು. ಸಂಜೆಯ ಜಪಮಾಲೆಯಲ್ಲಿ ಮೂರನೆಯ ರಹಸ್ಯ ಹೇಳಿ ಮತ್ತೆ ಎರಡನೆಯದಕ್ಕೆ ಹಿಂದಿರುಗುತ್ತಿದ್ದರು. ಮೊಮ್ಮಕ್ಕಳು ನಕ್ಕರು, ವಯಸ್ಸಾಯಿತು ಎಂದು ಮಗ ನಿಟ್ಟುಸಿರಿಟ್ಟ. ನೆರೆಮನೆಯಲ್ಲಿ ದಾದಿಯೊಬ್ಬಳಿದ್ದಳು. ಅಜ್ಜಿಯ ಎಡಗಾಲಿನ ಚಪ್ಪಲಿ ಕಳಚಿಹೋದರೂ ಅವರಿಗೆ ತಿಳಿಯದೆ ನಡೆಯುತ್ತಿದ್ದುದನ್ನು ಅವಳು ಕಂಡಳು. ಅಂದೇ ಸ್ಕ್ಯಾನ್ ಮಾಡಿಸಿದರು. ತಲೆಬುರುಡೆಗೆ ಚಿಕ್ಕ ರಂಧ್ರ ಕೊರೆದು ಹಳೆಯ ರಕ್ತವನ್ನು ಹೊರತೆಗೆದರು. ಈಗ ಅವರು ಐದೂ ರಹಸ್ಯಗಳನ್ನು ಕ್ರಮವಾಗಿ ಹೇಳುತ್ತಾರೆ, ತಮ್ಮ ಕೂದಲು ಬೋಳಿಸಿದರೆಂಬ ದೂರನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ. ವೃದ್ಧರಲ್ಲಿ ಹಠಾತ್ತಾಗಿ ಕಾಣುವ ಮರೆವನ್ನೆಲ್ಲಾ ವಯಸ್ಸಿನ ಮೇಲೆ ಹೊರಿಸುವ ಮುನ್ನ, ಕಳೆದ ಎರಡು ಮೂರು ತಿಂಗಳಲ್ಲಿ ಬಿದ್ದಿದ್ದರೇ ಎಂದು ಒಮ್ಮೆ ಕೇಳಿ.

ಹಾಗಾದರೆ ತಡಮಾಡದೆ ಹೊರಡಬೇಕಾದುದು ಯಾವಾಗ? ಬಿದ್ದಾಗ ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿದ್ದರೆ, ಬಿದ್ದದ್ದೇ ನೆನಪಿಲ್ಲದಿದ್ದರೆ. ತಲೆನೋವು ಹೆಚ್ಚುತ್ತಲೇ ಹೋದರೆ, ಪದೇ ಪದೇ ವಾಂತಿಯಾದರೆ. ಎಬ್ಬಿಸಿದರೂ ಏಳದಷ್ಟು ಮಂಪರು, ಅಸಂಬದ್ಧ ಮಾತು, ಫಿಟ್ಸ್, ಕೈಕಾಲಿನಲ್ಲಿ ಬಲಹೀನತೆ, ಮಾತಿನಲ್ಲಿ ತೊದಲು ಕಂಡರೆ. ಎರಡು ಕಣ್ಣುಗಳ ಪಾಪೆ ಸಮನಾಗಿಲ್ಲದಿದ್ದರೆ. ಕಿವಿಯಿಂದಲೋ ಮೂಗಿನಿಂದಲೋ ತಿಳಿನೀರು ಅಥವಾ ರಕ್ತ ಒಸರಿದರೆ. ಇವುಗಳಲ್ಲಿ ಒಂದಿದ್ದರೂ ಸಾಕು. ಹಸುಗೂಸುಗಳು ತಲೆನೋವೆಂದು ಹೇಳಲಾರವು. ತಲೆಯ ಮೇಲೆ ಮೆತ್ತನೆಯ ಊತ, ಹಾಲು ಬೇಡವೆನ್ನುವುದು, ಏನು ಮಾಡಿದರೂ ನಿಲ್ಲದ ಅಳು, ಇವೇ ಅವುಗಳ ಮಾತು. ಹೃದ್ರೋಗಕ್ಕೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ಸೇವಿಸುವವರು ತಲೆ ಬಡಿಸಿಕೊಂಡರೆ, ಯಾವ ಲಕ್ಷಣವೂ ಇಲ್ಲದಿದ್ದರೂ ವೈದ್ಯರನ್ನು ಕಾಣಲೇಬೇಕು. ಆ ಮಾತ್ರೆಯ ಚೀಟಿಯನ್ನು ಜೊತೆಗೆ ಒಯ್ಯಿರಿ. ಅರುವತ್ತೈದು ದಾಟಿದ ಇತರರೂ ವೈದ್ಯರಿಗೆ ತೋರಿಸಿಕೊಳ್ಳುವುದೇ ಕ್ಷೇಮ.

ಮನೆಯಲ್ಲಿಯೇ ಇರಬಹುದೆಂದು ವೈದ್ಯರು ಹೇಳಿದರೆ, ಮೊದಲ ಇಪ್ಪತ್ನಾಲ್ಕು ಗಂಟೆ ಅವರೊಬ್ಬರನ್ನೇ ಬಿಡಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು; ಅಂಗಡಿಯಿಂದ ತಂದ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಕೇವಲ ಎಕ್ಸ್‌ರೇ ತೆಗೆಸಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಒಳಗಿನ ರಕ್ತವನ್ನಲ್ಲ; ಅದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು. ಆ ಯಂತ್ರದಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗೆ ಒಳಹೊಕ್ಕು ನೋಡುವ ಉಪಾಯವೇ ಇರಲಿಲ್ಲ.

ದೇವರು ನೋಡಿಕೊಳ್ಳುತ್ತಾನೆ ಎಂದು ತಲೆಗೆ ಪವಿತ್ರ ಎಣ್ಣೆ ಸವರಿ ಮಲಗಿಸುವವರೂ ನಮ್ಮಲ್ಲಿದ್ದಾರೆ. ಅವರ ಭಕ್ತಿಯನ್ನು ನಾನು ಹಳಿಯುವುದಿಲ್ಲ. ಆದರೆ ಪ್ರಾರ್ಥಿಸು, ನಂತರ ವೈದ್ಯನಿಗೂ ಎಡೆಕೊಡು ಎಂದು ಕಲಿಸುವುದು ಸಿರಾಖನ ಗ್ರಂಥದ 38ನೆಯ ಅಧ್ಯಾಯವೇ. ಶುಭಸಂದೇಶದ ಆ ಸಮಾರಿಯದವನನ್ನು ನೆನೆಯಿರಿ: ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹಚ್ಚಿ ಅಲ್ಲಿಯೇ ಬಿಟ್ಟುಹೋಗಲಿಲ್ಲ, ಛತ್ರಕ್ಕೆ ಸಾಗಿಸಿದ, ರಾತ್ರಿ ಜೊತೆಗಿದ್ದ, ಮರುದಿನ ಹಣ ಕೊಟ್ಟು, ನೋಡಿಕೊಳ್ಳುವಂತೆ ಛತ್ರದವನಿಗೆ ಒಪ್ಪಿಸಿದ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಪೌಲನ ದೀರ್ಘ ಪ್ರಸಂಗ ಕೇಳುತ್ತಾ ತೂಕಡಿಸಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದ ಯೂತಿಕನ ಕಥೆಯೂ ಇದೆ. (ನಮ್ಮಂಥ ಪ್ರಸಂಗಕಾರರಿಗೆ ಅದರಲ್ಲಿ ಬೇರೆಯೇ ಎಚ್ಚರಿಕೆಯಿದೆ.) ಪೌಲ ಪ್ರಸಂಗ ನಿಲ್ಲಿಸಿ ಮೊದಲು ಕೆಳಗಿಳಿದು ಬಂದ.

ಇನ್ನೊಂದು ವಿಷಯ. ರೋಗಿಗಳ ಅಭ್ಯಂಗವನ್ನು ಇಂದಿಗೂ ಅಂತ್ಯಾಭ್ಯಂಗವೆಂದೇ ತಿಳಿದು, ಗುರುಗಳು ಬಂದರೆ ಸಾವು ಬಂದಂತೆ ಎಂದು ಅಂಜುವವರಿದ್ದಾರೆ. ಸಾಯುವ ಘಳಿಗೆಯವರಿಗೆ ಮಾತ್ರವಲ್ಲ ಈ ಸಂಸ್ಕಾರ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿಳಿಸಿತು. 1972ರಲ್ಲಿ ಆರನೆಯ ಪೌಲ ಜಗದ್ಗುರುಗಳು ಅದರ ವಿಧಿಯನ್ನು ನವೀಕರಿಸಿದರು. ಅಂಜುವವರು ಒಂದೆಡೆಯಾದರೆ, ಆಸ್ಪತ್ರೆಗೆ ಹೊರಡದೆ ನನಗಾಗಿ ಅರ್ಧ ಗಂಟೆ ಕಾಯುವವರು ಇನ್ನೊಂದೆಡೆ. ದಯವಿಟ್ಟು ಕಾಯಬೇಡಿ. ಮೊದಲ ಕರೆ 108ಕ್ಕೆ ಹೋಗಲಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಆ ವಾಹನಕ್ಕೆ ಹಣ ಕೊಡಬೇಕಾಗಿಲ್ಲ. ಎರಡನೆಯ ಕರೆ ನನಗೆ ಮಾಡಿ, ಯಾವ ಆಸ್ಪತ್ರೆ ಎಂದಷ್ಟೇ ಹೇಳಿ. ತೈಲದ ಡಬ್ಬಿ ನನ್ನ ಚೀಲದಲ್ಲಿ ಸದಾ ಇರುತ್ತದೆ, ನಾನು ಅಲ್ಲಿಗೇ ಬರುತ್ತೇನೆ.