ತೇಗಿನ ಸರ್ಟಿಫಿಕೇಟು

ಶಾಂಪೂ ಪೊಟ್ಟಣಗಳ ಪಕ್ಕದಲ್ಲಿ ಈನೋ ಪೊಟ್ಟಣಗಳ ಮಾಲೆ ತೂಗಾಡದ ಗೂಡಂಗಡಿ ನಮ್ಮ ಕಡೆ ಅಪರೂಪ. ಬೀಡಿ ಕಟ್ಟು, ಪೆಪ್ಪರ್‌ಮೆಂಟಿನ ಡಬ್ಬ, ಬಾಳೆಗೊನೆ ಇವುಗಳ ನಡುವೆ ಯಾವ ಹಮ್ಮುಬಿಮ್ಮೂ ಇಲ್ಲದೆ ಬಾಳುವ ಔಷಧಿ ಅದು. ಕೊಳ್ಳುವವನಿಗೆ ಡಾಕ್ಟರ ಚೀಟಿ ಬೇಡ. ಅಂಗಡಿಯವನೂ ಎಷ್ಟು ಒಬ್ಬಟ್ಟು ತಿಂದಿರಿ ಎಂದು ಕೇಳುವಷ್ಟು ಒರಟನಲ್ಲ.

ಲೋಟದ ನೀರಿಗೆ ಸುರಿದರೆ ಬುಸ್ಸೆಂದು ನೊರೆ ಏಳುತ್ತದೆ. ಅದು ಇಳಿಯುವುದರೊಳಗೆ ಗಟಗಟ ಕುಡಿದರೇ ಗುಣ ಎಂಬುದು ಹಲವರ ನಂಬಿಕೆ. ಕುಡಿದಾತ ಎದೆ ಸವರಿಕೊಳ್ಳುತ್ತ ಕೂತರೆ ಮನೆಯವರೂ ಕೆಲಸ ಬಿಟ್ಟು ಕಾಯುತ್ತಾರೆ. ‘ತೇಗು ಬಂತೇನ್ರೀ?’ ಕೊನೆಗೆ ಪಕ್ಕದ ಮನೆಗೂ ಕೇಳಿಸುವಂಥ ಒಂದು ತೇಗು. ‘ಸದ್ಯ, ಗ್ಯಾಸ್ ಹೋಯ್ತು ನೋಡಿ!’

ಹೋದದ್ದು ಯಾವ ಗ್ಯಾಸು? ಪೊಟ್ಟಣದಲ್ಲಿರುವುದು ಮುಖ್ಯವಾಗಿ ಅಡುಗೆ ಸೋಡಾ ಮತ್ತು ನಿಂಬೆಹಣ್ಣಿಗೆ ಹುಳಿ ಕೊಡುವ ಸಿಟ್ರಿಕ್ ಆಮ್ಲ. ಒಣಗಿರುವಷ್ಟು ಹೊತ್ತು ಎರಡೂ ತೆಪ್ಪಗಿರುತ್ತವೆ. ನೀರು ತಾಗಿತೋ, ಇಂಗಾಲದ ಡೈಆಕ್ಸೈಡ್ ಉಕ್ಕಿ ಬರುತ್ತದೆ. ಉಳಿದ ಸೋಡಾ ಒಳಗಿಳಿದು ಜಠರದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎದುರಾದರೆ ಅಲ್ಲೂ ಅದೇ ಅನಿಲ. ಅಂದರೆ ಆ ಭವ್ಯ ತೇಗಿನ ಬಹುಪಾಲು ಪೊಟ್ಟಣದಿಂದಲೇ ಬಂದದ್ದು. ತಾನೇ ತಂದದ್ದನ್ನು ತಾನೇ ಹೊರಹಾಕಿ ಹೊಗಳಿಸಿಕೊಳ್ಳುವ ಈ ಜಾಣ್ಮೆ ಬೇರೆ ಯಾವ ಔಷಧಿಗೂ ಒಲಿದಿಲ್ಲ. ಹಾಗೆಂದು ಇದು ಮೋಸವೇನಲ್ಲ. ಆಮ್ಲ ನಿಜವಾಗಿಯೂ ತಗ್ಗುತ್ತದೆ, ಎದೆಯುರಿ ಸ್ವಲ್ಪ ಹೊತ್ತು ಶಮನವಾಗುತ್ತದೆ. ಆದರೆ ಆ ಕೆಲಸಕ್ಕೆ ಸದ್ದಿಲ್ಲ, ನಮಗೋ ಸದ್ದು ಬೇಕು. ಗೋಲಿ ಸೋಡಾ ಆಮ್ಲವನ್ನು ತಗ್ಗಿಸುವುದಿಲ್ಲ. ಆದರೂ ತೇಗು ಬಂತೆಂಬ ಒಂದೇ ಕಾರಣಕ್ಕೆ ಅದಕ್ಕೂ ವೈದ್ಯನ ಪಟ್ಟ ಸಿಕ್ಕಿದೆ.

ಈ ಪುಡಿಯನ್ನು 19ನೇ ಶತಮಾನದಲ್ಲಿ ಹೆಸರಿಗೆ ತಂದವನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಔಷಧಿ ವ್ಯಾಪಾರಿ ಜೇಮ್ಸ್ ಕ್ರಾಸ್ಲಿ ಈನೋ. ಬಂದರಿನ ನಾವಿಕರೂ ಅವನ ಗಿರಾಕಿಗಳೇ. ಹಣ್ಣೇ ಇಲ್ಲದ ಪುಡಿಯನ್ನು ‘ಫ್ರೂಟ್ ಸಾಲ್ಟ್’ ಎಂದು ಮಾರಿದ ಅವನನ್ನು ವ್ಯಾಪಾರಿಯೆಂದು ಮೆಚ್ಚಲೇಬೇಕು. ಅದೇ ಪುಡಿ ನಮ್ಮಲ್ಲಿ ಆಯುರ್ವೇದದ ಔಷಧಿಯಾಗಿ, ಲೇಬಲ್ಲಿನ ಮೇಲೆ ಸ್ವರ್ಜಿಕ್ಷಾರ, ನಿಂಬುಕಾಮ್ಲ ಎಂದು ಸಂಸ್ಕೃತದಲ್ಲಿ ನಾಮಕರಣ ಮಾಡಿಸಿಕೊಂಡು ಕೂತಿದೆ.

ಡೈಜಿನ್, ಜೆಲುಸಿಲ್‌ಗಳದು ಗಂಭೀರ ಸ್ವಭಾವ. ಅವುಗಳಲ್ಲಿರುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸಡಿಲ ಮಾಡುತ್ತದೆ. ಅದಕ್ಕೇ ಇಬ್ಬರನ್ನೂ ಒಂದೇ ಬಾಟಲಿಯಲ್ಲಿ ಕೂಡಿಹಾಕಿದ್ದಾರೆ. ನಮ್ಮ ಹಿಂಗ್ವಷ್ಟಕ ಚೂರ್ಣದ ರೀತಿಯೇ ಬೇರೆ. ಶುಂಠಿ, ಮೆಣಸು, ಹಿಪ್ಪಲಿ, ಓಮ, ಎರಡು ಬಗೆಯ ಜೀರಿಗೆ, ಸೈಂಧವ ಲವಣ, ಇಂಗು ಇವುಗಳ ಆ ಪುಡಿಯನ್ನು ಊಟದ ಮೊದಲ ತುತ್ತಿಗೇ ತುಪ್ಪದ ಜೊತೆ ಕಲಸಿಕೊಳ್ಳಬೇಕು. ಎಲೆಯ ಮುಂದೆ ಕೂರುವಾಗಲೇ ‘ನಾನು ಇವತ್ತು ಮಿತಿ ಮೀರುತ್ತೇನೆ’ ಎಂದು ಒಪ್ಪಿಕೊಂಡಂತೆ ಅದು. ಅಷ್ಟು ಪ್ರಾಮಾಣಿಕರು ಪಂಕ್ತಿಯಲ್ಲಿ ಎಷ್ಟು ಜನ ಸಿಕ್ಕಾರು?

ತೇಗಿನ ಮೇಲಿನ ಈ ಭರವಸೆ ಒಂದು ಕಡೆ ಮಾತ್ರ ಭಯ ಹುಟ್ಟಿಸುತ್ತದೆ. ಹೃದಯದ ಕೆಳಭಾಗಕ್ಕೆ ರಕ್ತ ಹರಿಯುವುದು ನಿಂತರೆ ನೋವು ಕೆಲವೊಮ್ಮೆ ಕಾಣಿಸಿಕೊಳ್ಳುವುದು ಹೊಟ್ಟೆಯ ಮೇಲ್ಭಾಗದಲ್ಲಿ. ಜೊತೆಗೆ ವಾಕರಿಕೆ, ಬೆವರು. ‘ಗ್ಯಾಸ್ ಇರ್ಬೇಕು, ಒಂದು ಈನೋ ಕುಡೀರಿ’ ಎನ್ನುತ್ತೇವೆ. ಕುಡಿದರೆ ತೇಗು ಬಂದೇ ಬರುತ್ತದೆ, ಪೊಟ್ಟಣದೊಳಗೇ ಇತ್ತಲ್ಲ! ಕಾಯಿಲೆ ಯಾವುದಾದರೂ ಸರ್ಟಿಫಿಕೇಟು ಮಾತ್ರ ಒಂದೇ. ಅದನ್ನು ನಂಬಿ ಬೆಳಗಿನವರೆಗೆ ನೋಡೋಣವೆಂದು ಮಲಗಿದವರಿಗೆ ಆ ಮೊದಲ ಗಂಟೆಗಳನ್ನು ಯಾರೂ ತಂದುಕೊಡಲಾರರು. ನನಗೆ ಗೊತ್ತಿರುವ ಒಬ್ಬ ಮೆಡಿಕಲ್ಸ್‌ನವರು, ಬೆವರುತ್ತಾ ಎದೆ ಉಜ್ಜಿಕೊಳ್ಳುತ್ತಾ ಬಂದವರಿಗೆ ಏನನ್ನೂ ಕೊಡುವುದಿಲ್ಲ. ‘ಮೊದ್ಲು ಇಸಿಜಿ ಮಾಡಿಸ್ಕೊಂಡ್ ಬನ್ನಿ ಸರ್’ ಎಂದು ತಾವೇ ಆಟೋ ಕೂಗುತ್ತಾರೆ. ಒಂದು ಪೊಟ್ಟಣದ ವ್ಯಾಪಾರ ಹೋದರೆ ಹೋಗಲಿ ಎನ್ನುವ ಮನುಷ್ಯ.

ಈ ಪುಡಿಯ ನಿಜವಾದ ಶಕ್ತಿ ಗ್ಯಾಸು ಕಳೆಯುವುದಲ್ಲ, ಗ್ಯಾಸು ಹುಟ್ಟಿಸುವುದು ಎಂಬುದನ್ನು ಸರಿಯಾಗಿ ತಿಳಿದುಕೊಂಡವರು ನಮ್ಮ ಹೆಂಗಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಮಾಡಿದರೆಂದು ಹೇಳುತ್ತಾರೆ. ಈಗ ಎಷ್ಟೋ ಮನೆಗಳಲ್ಲಿ ಹುರಿದ ರವೆ, ಮೊಸರು, ಒಗ್ಗರಣೆ ಕಲಸಿಟ್ಟು, ಇನ್ನೇನು ತಟ್ಟೆಗೆ ಹೊಯ್ಯಬೇಕೆನ್ನುವಾಗ ಈನೋ ಹಾಕುತ್ತಾರೆ. ಸಾದಾ ಈನೋ ಆಗಬೇಕು. ನಿಂಬೆ ವಾಸನೆಯದ್ದಾದರೆ ಇಡ್ಲಿ ಕೆಟ್ಟಿತು. ಹಿಟ್ಟು ಉಬ್ಬುತ್ತಲೇ ಹಬೆಗಿಡಬೇಕು, ತಡಮಾಡಿದರೆ ಉಸಿರೆಲ್ಲ ಹೋಗಿ ಕಲ್ಲಾಗುತ್ತದೆ. ಹೂವಿನಂಥ ಇಡ್ಲಿ, ಮೇಲೊಂದು ಗೋಡಂಬಿ, ಜೊತೆಗೆ ಆಲೂಗಡ್ಡೆ ಸಾಗು. ಯಜಮಾನರು ಸಾಕು ಸಾಕೆನ್ನುತ್ತಲೇ ಮತ್ತೆರಡು ಹಾಕಿಸಿಕೊಂಡು, ಮಧ್ಯಾಹ್ನ ಹೊಟ್ಟೆ ಹಿಡಿದು ಒಳಗಿಂದ ಕೂಗುತ್ತಾರೆ.

‘ಲೇ, ಆ ಈನೋ ಎಲ್ಲಿಟ್ಟಿದ್ದೀಯೇ?’

‘ನಿಮ್ಮ ಹೊಟ್ಟೇಲೇ ಇದೇರೀ, ಬೆಳಗ್ಗೇನೇ ಖಾಲಿ ಆಯ್ತು.’