ಕಣಗಿನಹಾಳದ ಕೇಸು

ಬಿಸಿನೆಸ್ ಕೇಸ್ ಸ್ಟಡಿ ಬಿಡಿಸೋದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳ ತುಂಬಾ ಹೊರದೇಶದ ಕಂಪನಿಗಳೇ. ನಮ್ಮ ಗದಗ ಸೀಮೆಯಲ್ಲೇ ಒಂದು ಚೊಕ್ಕ ಕೇಸ್ ಇದೆ, ಯಾರೂ ಅದನ್ನು ಆ ಕಣ್ಣಿಂದ ನೋಡಲ್ಲ ಅನ್ನೋದು ನನ್ನ ಹಳೇ ತಕರಾರು. ಗದಗದ ಹತ್ತಿರ ಕಣಗಿನಹಾಳ ಅಂತ ಊರು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲನೇದು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದೆವು, ಅಲ್ಲಿಗೆ ಮುಗೀತು.

ಆದರೆ ಅದು ಉತ್ತರ. ಕೇಸ್ ಬಿಡಿಸಬೇಕಾದರೆ ಉತ್ತರ ಮರೆತು 1905ರಲ್ಲಿ ಹೋಗಿ ನಿಲ್ಲಬೇಕು.

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಂಬಿಎ ಓದ್ತಾನೆ. ರಜೆಗೆ ಮೆಣಸಗಿಗೆ ಬಂದಾಗ ಅವನಿಗೆ ಇದನ್ನೇ ಕೊಟ್ಟೆ. ಮೊದಲು ಪೆನ್ನು ಮುಟ್ಟದೇ ಒಂದು ಸಲ ಓದು. ಆಮೇಲೆ, ಇಲ್ಲಿ ತೀರ್ಮಾನ ಮಾಡಬೇಕಾದವರು ಯಾರು ಹೇಳು ಅಂದೆ. "ಪಾಟೀಲರು" ಅಂದ. ಅವರಷ್ಟೇ ಅಲ್ಲ, ಸಹಿ ಹಾಕಬೇಕಾದ ಒಬ್ಬೊಬ್ಬ ರೈತನೂ. ಯಾಕಂದ್ರೆ 1904ರ ಕಾಯ್ದೆ ಪ್ರಕಾರ ಹತ್ತು ಜನ ಸೇರಿದರೆ ಸಂಘ ಆಗ್ತಿತ್ತು ನಿಜ, ಆದರೆ ಹಳ್ಳಿ ಸಂಘಕ್ಕೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯನ ಸ್ವಂತ ಹೊಲಕ್ಕೂ ಕುತ್ತು!

ಸಮಸ್ಯೆ ಏನು? "ಸಾಲ ಸಿಗಲ್ಲ" ಅಂದ. ಸಾಲ ಸಿಗ್ತಿತ್ತು ಮಾರಾಯ, ಬಡ್ಡಿ ತೀರ್ತಿರಲಿಲ್ಲ. 1875ರಲ್ಲಿ ಪುಣೆ, ಅಹ್ಮದ್‌ನಗರದ ಕಡೆ ರೈತರು ಸಾಹುಕಾರರ ಪತ್ರಗಳನ್ನೇ ಸುಟ್ಟಿದ್ದರು. ಬೇರೆ ದಾರಿ ಏನಿತ್ತು? ಸರಕಾರದ ತಗಾವಿ ಸಾಲ ಇತ್ತು, 1880ರ ದಶಕದ ಕಾಯ್ದೆಗಳದ್ದು. ಅದಕ್ಕೆ ಕಚೇರಿ ಅಲೆಯಬೇಕು.

ಈಗ ಲೆಕ್ಕ. ಅಂಕಿಗಳು ನನ್ನವು, ಬರೀ ಅಂದಾಜಿಗೆ. ಹತ್ತು ಜನ, ತಲಾ 100 ರೂಪಾಯಿ ಸಾಲ. ಸಾಹುಕಾರನ ಬಡ್ಡಿ ವರ್ಷಕ್ಕೆ 24, ಸಂಘದ್ದು 10 ಅನ್ನಿ. ಉಳಿತಾಯ 14. ಒಬ್ಬ ಅಸಲು ಕಟ್ಟದಿದ್ದರೆ ಉಳಿದ ಒಂಬತ್ತು ಜನಕ್ಕೆ ತಲಾ 11 ಚಿಲ್ಲರೆ ಹೊರೆ, ಆದರೂ ಲಾಭ. ಇಬ್ಬರು ಕೈಯೆತ್ತಿದರೆ ತಲಾ 25, ಕಥೆ ಮುಗೀತು. ಅಂದರೆ ಇಡೀ ಕೇಸು ಒಂದೇ ಪ್ರಶ್ನೆ ಮೇಲೆ ನಿಂತಿದೆ: ಒಂದೇ ವರ್ಷ ಎಷ್ಟು ಜನ ಸೋಲ್ತಾರೆ? ಇಂಥದೊಂದು ಪ್ರಶ್ನೆ ಸಿಗೋವರೆಗೂ ಹುಡುಕೋದೇ ಕೇಸ್ ಓದೋದು. ಚಾರ್ಟು, ಸ್ಲೈಡು ಎಲ್ಲ ಆಮೇಲೆ :-)

ಮೋಸಗಾರ ಯಾರು ಅಂತ ಊರಿಗೆ ಗೊತ್ತಿರುತ್ತೆ, ಅವನನ್ನು ಹೊರಗಿಡಬಹುದು. ಮಳೆಯನ್ನು ಹೊರಗಿಡೋಕಾಗಲ್ಲ. ಎಲ್ಲರದೂ ಅದೇ ಎರೆ ಹೊಲ, ಅದೇ ಮೋಡ. 2009ರಲ್ಲಿ, 2019ರಲ್ಲಿ ಮಲಪ್ರಭೆ ಏರಿ ಬಂದಾಗ ಬದು ನೋಡಿ ನಿಲ್ಲಲಿಲ್ಲ. ಒಂದೇ ಊರಿನವರು ಅನ್ನೋದೇ ಬಲ, ಅದೇ ಅಪಾಯ.

"ಹಂಗಿದ್ರ ನಾ ಸಹಿ ಹಾಕಂಗಿಲ್ಲ ಮಾಮಾ" ಅಂದುಬಿಟ್ಟ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಬಡಿಯೋದು ನಿಲ್ಲಿಸಿದಳು. "ನಿನ್ನ ಕಾಲೇಜಿನ ಫೀ ಎಲ್ಲಿಂದ ಬಂತು ಅನಕೊಂಡಿ? ಹತ್ತು ಮಂದಿ ಹೆಣ್ಮಕ್ಕಳು ಒಬ್ಬರಿಗೊಬ್ಬರು ಸಹಿ ಹಾಕೇವಿ ಸಂಘದಾಗ."

ಹುಡುಗ ಸುಮ್ಮನಾದ. ನಾನೂ ಅಷ್ಟೇ, ನನಗಿದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, "ಎಲ್ಲಾರದೂ ಬೆಳಿ ಹೋದ್ರ ಏನ್ ಮಾಡ್ತೀ ಅಕ್ಕಾ?"

"ಬರೇ ಹೊಲಾ ನಂಬಿದಾಕಿನ್ನ ನಾವು ಭಾಳ ಮಂದಿ ತಗೊಂಡಿಲ್ಲ. ಒಬ್ಬಾಕಿ ಎಮ್ಮಿ ಕಟ್ಯಾಳ, ಒಬ್ಬಾಕಿ ಹೊಲಿಗಿ ಮಿಷನ್ ಇಟ್ಟಾಳ, ಒಬ್ಬಾಕಿದು ಕಿರಾಣಿ. ಒಂದ ಮನಿಯಾಗಿನ ಇಬ್ಬರನ್ನಂತೂ ಇಲ್ಲ."

ಅವನು ನೋಟ್‌ಬುಕ್ಕಲ್ಲಿ "ಸಹಿ ಇಲ್ಲ" ಅಂತ ಬರೆದಿದ್ದನ್ನ ಹೊಡೆದು, ಕೆಳಗೆ "ಸಹಿ ಹಾಕುವೆ, ಎರಡು ಷರತ್ತಿನ ಮೇಲೆ" ಅಂತ ಬರೆದ. ಎರಡೂ ಅಕ್ಕ ಹೇಳಿದವೇ. ನೀವಾಗಿದ್ದರೆ ಮೂರನೇದು ಏನು ಸೇರಿಸ್ತಿದ್ರಿ, ಹೇಳಿ.