ಕಾಳಗಿಯ ಕಟ್ಟೆಯ ಮೇಲೆ ಕ್ರೀಡಾಂಗಣದ ಜಿಜ್ಞಾಸೆ

2025ರ ಕಾರ್ತಿಕ ಮಾಸದಲ್ಲಿ ಕಾಳಗಿಯ ಸದ್ಭಕ್ತರೊಬ್ಬರು ತಮ್ಮ ಮನೆಯಲ್ಲಿ ಮೂರು ದಿನಗಳ ಪ್ರವಚನವನ್ನು ಏರ್ಪಡಿಸಿ ನಮ್ಮನ್ನು ಬರಮಾಡಿಕೊಂಡಿದ್ದರು. ಕಲಬುರಗಿಯಿಂದ ಸರ್ಕಾರಿ ಬಸ್ಸಿನಲ್ಲಿ ಹೊರಟೆವು. ಆ ವರ್ಷ ವರುಣನ ಕೃಪೆ ಅತಿಯಾಗಿ ಅವಕೃಪೆಯೇ ಆಗಿತ್ತು. ಸೆಪ್ಟೆಂಬರ್ ತಿಂಗಳ ಮಳೆಗೆ ಭೀಮೆ, ಕಾಗಿಣೆಗಳು ದಡ ಮೀರಿ ಹರಿದಿದ್ದವು. ದಾರಿಯುದ್ದಕ್ಕೂ ಎರೆಹೊಲಗಳಲ್ಲಿ ಒಂದು ಕಡೆ ತೊಗರಿ ಹೂವಾಡುತ್ತಿದ್ದರೆ ಮತ್ತೊಂದು ಕಡೆ ನೀರು ನಿಂತು ಕೊಳೆತ ಗಿಡಗಳ ಕರಿಯ ಕಡ್ಡಿಗಳು ಮಾತ್ರ ಉಳಿದಿದ್ದವು. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ರೈತರು ಆ ವಿಷಯವನ್ನೇ ಎತ್ತಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಒಂದೆರಡು ಸಲ ನಿಟ್ಟುಸಿರು ಬಿಟ್ಟರು, ಅಷ್ಟೆ.

ಕಾಳಗಿ ಹಿಂದೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಊರು. 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಊರು ಮಾತ್ರ ಅತಿ ಪ್ರಾಚೀನವಾದದ್ದು. ಕಲ್ಯಾಣ ಚಾಳುಕ್ಯರ ಕಾಲದ ಗುಡಿಗಳು, ರೌದ್ರಾವತಿ ನದಿಯ ದಂಡೆ, ನೀಲಕಂಠ ಕಾಳೇಶ್ವರನ ಸನ್ನಿಧಿ, ಅಲ್ಲಿನ ನೀರಿನ ಬುಗ್ಗೆ, ಇವೆಲ್ಲ ಕೂಡಿ ಊರಿಗೆ ಒಂದು ಗಾಂಭೀರ್ಯವನ್ನು ತಂದಿವೆ. ಹತ್ತಿರದ ರೇವಗ್ಗಿ ಗುಡ್ಡದ ರೇವಣಸಿದ್ಧೇಶ್ವರನಿಗೆ ನಡೆದುಕೊಳ್ಳುವ ಭಕ್ತರೂ ಈ ಊರನ್ನು ಹಾದುಹೋಗುತ್ತಾರೆ. ನಾವು ಇಳಿದುಕೊಂಡ ಮನೆಯ ಪಡಸಾಲೆಗೆ ಶಹಾಬಾದದ ಫರಸಿ ಹಾಸಿದ್ದರು. ಮೂರು ತಲೆಮಾರಿನ ಕಾಲು ಸವೆಸಿದ ಕಲ್ಲುಗಳವು. ಅವುಗಳ ಮೇಲೆ ಬರಿಗಾಲಿನಲ್ಲಿ ನಡೆದರೆ ಸಿಗುವ ತಂಪು ಈಗಿನ ಹೊಳಪಿನ ಟೈಲ್ಸಿನಲ್ಲಿ ಸಿಗದು. ಈ ಮಾತಿಗೆ ಮನೆಯ ಸೊಸೆಯಂದಿರು ಒಪ್ಪಲಾರರು. ಸಾರಿಸಿ ಒರೆಸುವ ಕಷ್ಟ ಅವರದು.

ಮೊದಲ ದಿನದ ಪ್ರವಚನ ಮುಗಿದು ಪ್ರಸಾದವಾದ ಮೇಲೆ ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಬೀದಿದೀಪದ ಕೆಳಗೆ ಏಳೆಂಟು ಜನ ತರುಣರು ಗುಂಪುಗೂಡಿ ಏನನ್ನೋ ಬಿರುಸಾಗಿ ವಾದಿಸುತ್ತಿದ್ದರು. ತೊಗರಿಯ ಬೆಳೆ ಪರಿಹಾರದ ಮಾತಿರಬೇಕೆಂದು ಕಿವಿಗೊಟ್ಟರೆ ಅದು ಕ್ರಿಕೆಟ್ ಮೈದಾನದ ಮಾತು! ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವೇ ಇರಬೇಕೋ, ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಜನ ಹಿಡಿಸುವ ಹೊಸದನ್ನು ಕಟ್ಟಬೇಕೋ ಎಂಬುದು ಅವರ ಚರ್ಚೆ. ಈ ಹೊಸ ಯೋಜನೆಗೆ 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟ ಸುದ್ದಿಯನ್ನು ನಾವೂ ಪತ್ರಿಕೆಯಲ್ಲಿ ಓದಿದ್ದೆವು.

"ಹಳಿ ಗ್ರೌಂಡಿನ ಖದರು ಹೊಸದಕ್ಕ ಬರಂಗಿಲ್ಲ. ಅಲ್ಲಿ ಕೂತ್ರ ಆಟಗಾರನ ಮಾರಿ ಮ್ಯಾಲಿನ ಬೆವರು ಕಾಣ್ತದ" ಎಂದನೊಬ್ಬ.

"ಹೊಸದು ಆಗಬೇಕು. ಹಳದಿ ಮೆಟ್ರೊ ಬೊಮ್ಮಸಂದ್ರದ ತನಕ ಬಂದಾದ. ಹಳೇದು ಹಳೇದು ಅಂತ ಎಷ್ಟು ದಿನ ಕೂಡೋದು?" ಎಂದನು ಮತ್ತೊಬ್ಬ.

ನಮ್ಮನ್ನು ಕಂಡು ಎದ್ದುನಿಂತು "ಶರಣ್ರಿ ಗುರುಗಳೇ" ಎಂದು ಸುಮ್ಮನಾದರು. ಕುಳ್ಳಿರಿಸಿ, ಮುಂದುವರಿಸಿರೆಂದು ಹೇಳಿದೆವು. ಮಠದಲ್ಲಿ ಓದಿದವರಿಗೆ ಚೆಂಡಾಟದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಪ್ರಾಂಜಲವಾಗಿ ಹೇಳುವುದಾದರೆ ನಮಗೂ ಆ ಹುಚ್ಚು ಸ್ವಲ್ಪ ಇದ್ದಿತು. 1974ರ ಮಾರ್ಚ್ ತಿಂಗಳಲ್ಲಿ ಅದೇ ಮೈದಾನದಲ್ಲಿ ರಣಜಿ ಸೆಮಿಫೈನಲ್ ಪಂದ್ಯ ನಡೆದಾಗ ನಾವು ಮಠದ ವಿದ್ಯಾರ್ಥಿ ನಿಲಯದಲ್ಲಿದ್ದೆವು. ಸತತ ಹದಿನೈದು ವರ್ಷ ಪ್ರಶಸ್ತಿ ಗೆದ್ದಿದ್ದ ಮುಂಬಯಿ ತಂಡವನ್ನು ಕರ್ನಾಟಕ ಅಂದು ಹಿಂದೆ ಹಾಕಿತು. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದ ಸುದ್ದಿ ಅಡುಗೆಯ ಭಟ್ಟರ ರೇಡಿಯೊದಿಂದ ನಮಗೆ ತಲುಪಿತು. ಸಂಧ್ಯಾಪೂಜೆಗೆ ಐದು ನಿಮಿಷ ತಡವಾಗಿ ಹೋಗಿ ಬೈಸಿಕೊಂಡೆವು. ಆ ವರ್ಷದ ನವೆಂಬರಿನಲ್ಲಿ ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. 1987ರಲ್ಲಿ ಪಾಕಿಸ್ತಾನದ ವಿರುದ್ಧ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸಿನಲ್ಲಿ 96 ಹೊಡೆದದ್ದೂ ಅಲ್ಲಿಯೇ. 1996ರ ವಿಶ್ವಕಪ್ ಕ್ವಾರ್ಟರ್ ಫೈನಲಿನಲ್ಲಿ ನಮ್ಮ ವೆಂಕಟೇಶ ಪ್ರಸಾದ್ ಅಮೀರ್ ಸೊಹೈಲನ ವಿಕೆಟ್ ಕೆಡವಿದ್ದೂ ಅಲ್ಲಿಯೇ. ಇಷ್ಟನ್ನು ಹೇಳಿದ್ದೇ ತಡ, ಹಳೆಯದರ ಪಕ್ಷದವರು ನಮ್ಮನ್ನು ತಮ್ಮವರೆಂದು ಎಣಿಸಿಕೊಂಡು ಹಿಗ್ಗಿದರು.

ಆಗ ಇದುವರೆಗೆ ಬಾಯಿ ಬಿಡದೆ ಕಂಬಕ್ಕೊರಗಿ ಕುಳಿತಿದ್ದ ಹುಡುಗನೊಬ್ಬ ಮಾತನಾಡಿದನು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು. ದೀಪಾವಳಿಗೆ ಊರಿಗೆ ಬಂದವನು ಇನ್ನೂ ಹಿಂದಿರುಗಿರಲಿಲ್ಲ. "ಜೂನ್ ನಾಕಕ್ಕ ನಾ ಅಲ್ಲೇ ಇದ್ದೆ ಗುರುಗಳೇ" ಎಂದನು.

ಆ ದಿನದ ಸಂಗತಿ ಸರ್ವವಿದಿತ. 2025ರ ಜೂನ್ 3ರಂದು ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ವಿಜಯೋತ್ಸವವೆಂದು ಜನಸಾಗರ ಸೇರಿತು. ಸುಮಾರು 35 ಸಾವಿರ ಮಂದಿಗೆ ಎಡೆಯುಳ್ಳ ಕ್ರೀಡಾಂಗಣದ ಸುತ್ತ ಎರಡು ಲಕ್ಷಕ್ಕೂ ಮಿಕ್ಕಿ ಜನ ನೆರೆದಿದ್ದರೆಂದು ಸರ್ಕಾರವೇ ಹೇಳಿತು. ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಬಹುಪಾಲು ಹರೆಯದವರು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ಆಯೋಗ ಆ ಜುಲೈಯಲ್ಲಿ ವರದಿ ಕೊಟ್ಟು, ಭಾರಿ ಜನ ಸೇರುವ ಸಮಾರಂಭಗಳಿಗೆ ಆ ಕ್ರೀಡಾಂಗಣದ ರಚನೆಯೇ ತಕ್ಕುದಲ್ಲವೆಂದಿತು. ಆ ವರ್ಷ ಮಹಿಳೆಯರ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದವು.

ಹುಡುಗ ಹೇಳಿದ್ದು ಇಷ್ಟೇ: "ಮುಂದ ಗೇಟ್ ಮುಚ್ಚಿತ್ತು. ಹಿಂದಿನ ಮಂದಿಗಿ ಅದು ಗೊತ್ತಿಲ್ಲ. ನನ್ನ ಕಾಲು ನೆಲಕ್ಕ ಹತ್ತಲಿಲ್ಲರಿ. ಚಪ್ಪಲಿ ಅಲ್ಲೇ ಹೋಯ್ತು. ಹೆಂಗ ಹೊರಗ ಬಂದೆ ಅಂಬದು ಗೊತ್ತಿಲ್ಲ. ಅವ್ವಗ ಇನ್ನೂ ಹೇಳಿಲ್ಲ."

ಕಟ್ಟೆಯ ಮೇಲೆ ಮಾತು ನಿಂತಿತು. ನಾವು ಹೇಳಿದ ಗಾವಸ್ಕರ್, ಪ್ರಸನ್ನರ ಕಥೆಗಳು ನಮಗೇ ಹಗುರವಾಗಿ ಕಂಡವು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳು ಪ್ರವಚನಕ್ಕೆ ಕರೆಸಿಕೊಂಡಾಗ ಬಾಸ್ಟನ್ ನಗರದಲ್ಲಿ ಕಂಡ ಒಂದು ಮೈದಾನ ನೆನಪಿಗೆ ಬಂದಿತು. ಆತಿಥೇಯರ ಮಗ ನಮ್ಮನ್ನು ಒತ್ತಾಯದಿಂದ ಬೇಸ್‌ಬಾಲ್ ಎಂಬ ದಾಂಡು-ಚೆಂಡಿನ ಆಟ ತೋರಿಸಲು ಕರೆದೊಯ್ದಿದ್ದನು. ಮೈದಾನದ ಹೆಸರು ಫೆನ್‌ವೇ ಪಾರ್ಕ್, ತೆರೆದದ್ದು 1912ರಲ್ಲಿ. ಆ ಆಟದಲ್ಲಿ ಒಳಗಿನ ಚೌಕದ ಅಳತೆ ಎಲ್ಲೆಡೆ ಒಂದೇ; ಹೊರಗಿನ ಎಲ್ಲೆ ಮಾತ್ರ ಒಂದೊಂದು ಮೈದಾನದಲ್ಲಿ ಒಂದೊಂದು ಬಗೆ. ಫೆನ್‌ವೇಯ ಎಡಬದಿಗೆ ಬೀದಿಯೊಂದು ತೀರ ಹತ್ತಿರ ಹಾದುಹೋಗಿದೆ. ಅದರಿಂದಾಗಿ ಅಲ್ಲಿ 37 ಅಡಿ ಎತ್ತರದ ಹಸಿರು ಗೋಡೆ ನಿಂತಿದೆ. ಬೇರೆಡೆ ಹೊರಗೆ ಹಾರಬಹುದಾದ ಚೆಂಡು ಇಲ್ಲಿ ಗೋಡೆಗೆ ಬಡಿದು ಮರಳುತ್ತದೆ. ಜಾಗದ ಇಕ್ಕಟ್ಟೇ ಆಟದ ಸ್ವಾರಸ್ಯವಾಯಿತು. ನದಿ, ಬುಗ್ಗೆ ಇದ್ದಲ್ಲಿಗೆ ಹೊಂದಿಕೊಂಡು ಗುಡಿ ಕಟ್ಟಿದ ನಮ್ಮವರಿಗೆ ಇದು ತಿಳಿಯದ ಮಾತಲ್ಲ.

1999ರಲ್ಲಿ ಅದರ ಒಡೆಯರು ಪಕ್ಕದಲ್ಲಿಯೇ ಹೊಸದನ್ನು ಕಟ್ಟಲು ಹೊರಟರಂತೆ. ಪ್ರೇಕ್ಷಕರಲ್ಲಿ ಎರಡು ಪಂಗಡವಾಯಿತು. ಕಿರಿದಾದ ಕುರ್ಚಿ, ಕಂಬಗಳ ಅಡ್ಡಿ, ಒಳದಾರಿಗಳಲ್ಲಿ ನೂಕುನುಗ್ಗಲು, ಇವನ್ನು ಹೇಳಿ ಹೊಸದು ಬೇಕೆಂದವರು ಕೆಲವರು. ಅಜ್ಜನೊಡನೆ ಕುಳಿತ ಜಾಗ ಕೆಡವಬಾರದೆಂದವರು ಕೆಲವರು. ಬಳಿಕ ಬಂದ ಹೊಸ ಒಡೆಯರು ಹಳೆಯದನ್ನೇ ಉಳಿಸುವುದಾಗಿ 2005ರಲ್ಲಿ ಸಾರಿದರು. ಆದರೆ ನಮಗೆ ಹಿಡಿಸಿದ್ದು ಅವರು 2002ರಲ್ಲಿ ಮಾಡಿದ ಒಂದು ಚಿಕ್ಕ ಕೆಲಸ. ಪಂದ್ಯದ ದಿನ ಪಕ್ಕದ ಬೀದಿಯಲ್ಲಿ ವಾಹನ ನಿಲ್ಲಿಸಿ, ಬೀದಿಯನ್ನೇ ಮೈದಾನದ ಅಂಗಳ ಮಾಡಿದರು. ಒಳಗೆ ಒತ್ತಿಕೊಂಡು ನಿಲ್ಲುತ್ತಿದ್ದ ಜನಕ್ಕೆ ಕೈಕಾಲು ಆಡಿಸಲು ಜಾಗ ಸಿಕ್ಕಿತು. ನ್ಯೂಯಾರ್ಕಿನವರು ಬೇರೆ ದಾರಿ ಹಿಡಿದರು. 1923ರ ಹೆಸರಾಂತ ಯಾಂಕಿ ಕ್ರೀಡಾಂಗಣವನ್ನು ಬಿಟ್ಟು 2009ರಲ್ಲಿ ಅದೇ ಹೆಸರಿನ ಹೊಸದನ್ನು ರಸ್ತೆಯಾಚೆ ಕಟ್ಟಿ, ಹಳೆಯದನ್ನು ಕೆಡವಿದರು. ಬಾಲ್ಟಿಮೋರಿನವರು 1992ರಲ್ಲಿ ಹೊಸದನ್ನು ಹಳೆಯ ಮಾದರಿಯಲ್ಲಿ ಕಟ್ಟಿ, ಅಲ್ಲಿದ್ದ ರೈಲ್ವೆಯ ಇಟ್ಟಿಗೆ ಉಗ್ರಾಣವನ್ನು ಉಳಿಸಿಕೊಂಡರು.

ಮರುದಿನ ಸಂಜೆ ಈ ಸಂಗತಿಯನ್ನು ತರುಣರಿಗೆ ಹೇಳಿದೆವು. ಬೊಮ್ಮಸಂದ್ರದಲ್ಲಿ ಹೊಸದು ಕಟ್ಟುವುದಾದರೆ ಕಟ್ಟಲಿ, ನಮ್ಮ ಅಡ್ಡಿಯಿಲ್ಲ. ಆದರೆ ಗೇಟಿನ ಮುಂದೆ ನಿಂತವನಿಗೆ ತಿಳಿದದ್ದು ಹಿಂದೆ ನಿಂತವನಿಗೆ ತಿಳಿಯದಿದ್ದರೆ 80 ಸಾವಿರದ ಕಟ್ಟಡದ ಹೊರಗೂ ಅದೇ ಆದೀತು. ಹಳೆಯ ಮೈದಾನ ಉಳಿಯುವುದಾದರೂ ಗೋಡೆ ಗೇಟುಗಳು ಇದ್ದಂತೆಯೇ ಇದ್ದು ನೆನಪುಗಳನ್ನಷ್ಟೇ ಪೂಜಿಸುತ್ತ ಕುಳಿತರೆ ಅದು ಸತ್ತವರಿಗೆ ಮಾಡಿದ ಅಪಚಾರ. ಹೀಗೆ ನಮ್ಮ ಅಭಿಪ್ರಾಯವನ್ನು ತಿಳಿಸಿದಾಗ ಒಬ್ಬ ತುಂಟ, "ಗುರುಗಳೇ, ಪ್ರವಚನದಾಗ ಸ್ಥಾವರಕ್ಕಿಂತ ಜಂಗಮ ದೊಡ್ಡದು ಅಂತೀರಿ. ಮತ್ತ ಈ ಹಳಿ ಕಟ್ಟಡದ ಮ್ಯಾಲ ಯಾಕಿಷ್ಟು ಮಾಯಾ?" ಎಂದು ಕೇಳಿದನು. ಎಲ್ಲರೂ ನಕ್ಕರು. ನಮಗೆ ಉತ್ತರ ಹೊಳೆಯಲಿಲ್ಲ. ಉತ್ತರದ ಬದಲು ನಮ್ಮದೇ ಒಂದು ತಪ್ಪನ್ನು ಅವರ ಮುಂದೆ ಒಪ್ಪಿಕೊಂಡೆವು.

ಈ ಸೀಮೆಯ ಒಂದು ಊರು, ಹೆಸರು ಬೇಡ. ಅಲ್ಲಿಯ ಜಾತ್ರೆಯಲ್ಲಿ ರಥೋತ್ಸವದ ಮರುದಿನ ಜಂಗಿ ಕುಸ್ತಿ ನಡೆಯುತ್ತಿತ್ತು. ಎರೆಭೂಮಿಯ ಊರಾದ್ದರಿಂದ ಚಿಂಚೋಳಿಯ ಕಡೆಯಿಂದ ಕೆಮ್ಮಣ್ಣು ತರಿಸಿ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಕಣವನ್ನು ಹದಮಾಡುತ್ತಿದ್ದರು. ಸುತ್ತ ಗೋಡೆಯಿಲ್ಲ, ಗೇಟಿಲ್ಲ. ಒಂದು ಕಡೆ ದಿಬ್ಬ, ಒಂದು ಕಡೆ ಬೇವಿನ ಮರಗಳು, ಉಳಿದೆರಡು ಕಡೆ ಬಯಲು. ಹಲಗೆಯ ಸಪ್ಪಳಕ್ಕೆ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಆರಂಭವಾಗಿ ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ಕುಸ್ತಿಯಿಂದ ಮುಗಿಯುತ್ತಿತ್ತು. ಎಷ್ಟು ಜನ ಸೇರಿದರೂ ಮಳೆ ಬಂತೆಂದರೆ ಅರೆಗಳಿಗೆಯಲ್ಲಿ ಎಲ್ಲರೂ ನಾಲ್ಕು ದಿಕ್ಕಿಗೆ ಹರಿದುಹೋಗುತ್ತಿದ್ದರು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನವೂ ಫೆನ್‌ವೇಯಂತೆ 1912ರದೇ. ಅದು ರಾಜರ ವೈಭವ. ನಮ್ಮ ಊರಿನದು ಬಡವರ ಖಾಸಬಾಗ.

ಇಪ್ಪತ್ತು ವರ್ಷಗಳ ಹಿಂದೆ ಊರಿನ ಪ್ರಮುಖರು ಆ ಕಣದ ಮೇಲೆ ಕಲ್ಯಾಣ ಮಂಟಪ ಕಟ್ಟಲು ನಿಶ್ಚಯಿಸಿದರು. ಬಡವರ ಮದುವೆಗೆ ಅನುಕೂಲ, ಕುಸ್ತಿಗೆ ಬೇಕಾದರೆ ಮ್ಯಾಟ್ ತರಿಸೋಣ ಎಂದರು. ಅಡಿಗಲ್ಲು ಸಮಾರಂಭಕ್ಕೆ ನಮ್ಮನ್ನು ಕರೆದರು. ನಾವು ಅರ್ಧ ಗಂಟೆ ಭಾಷಣ ಮಾಡಿ, ಕಾಲಕ್ಕೆ ತಕ್ಕಂತೆ ನಡೆಯುವ ಊರೆಂದು ಹೊಗಳಿದೆವು. ಮೂಲೆಯಲ್ಲಿ ನಿಂತಿದ್ದ ಮುದಿ ಪೈಲ್ವಾನರು ಸಮಾರಂಭ ಮುಗಿದ ಮೇಲೆ ಬಂದು ನಮ್ಮ ಕಾಲಿಗೆರಗಿ, ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋದರು. ಒಂದು ಮಾತೂ ಆಡಲಿಲ್ಲ. ಮ್ಯಾಟ್ ಬರಲಿಲ್ಲ. ಬಂದಿದ್ದರೆ ತಪ್ಪೇನೂ ಇರಲಿಲ್ಲ. ಕೊಲ್ಲಾಪುರದ ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು ಮ್ಯಾಟಿನ ಮೇಲೆಯೇ. ಮೂರು ಜಾತ್ರೆಗಳ ತನಕ ರಸ್ತೆಯ ಬದಿಯಲ್ಲಿ ಹೇಗೋ ಕುಸ್ತಿ ನಡೆಯಿತು. ನಾಲ್ಕನೆಯ ವರ್ಷ ನಿಂತಿತು.

ತರುಣರು ಸುಮ್ಮನೆ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮನೆಯ ಹಿರಿಯ ತಾಯಿ ಮಾತ್ರ ಸುಮ್ಮನಿರಲಿಲ್ಲ. ಅವರ ತವರುಮನೆ ಅದೇ ಊರು. ನಮಗೆ ಅದು ತಿಳಿದಿರಲಿಲ್ಲ.

"ಕಣ ಹೋಗಿದ್ದು ಖರೆ ಅದ ಗುರುಗಳೇ. ಆದ್ರ ಆ ಕಣದಾಗ ಹೆಣ್ಮಕ್ಕಳಿಗಿ ಕೂಡ್ಲಾಕ ಜಾಗ ಎಲ್ಲಿತ್ತು? ನಾವು ಮಾಳಿಗಿ ಮ್ಯಾಲ ನಿಂತು ನೋಡ್ತಿದ್ದೆವು. ನಮ್ಮಣ್ಣ ಕಡಗ ಗೆದ್ದಾಗ ನಂಗ ಬರೀ ಮಂದಿ ರುಮಾಲು ಕಂಡ್ವು. ಕಲ್ಯಾಣ ಮಂಟಪದಾಗ ನನ್ನ ಮಮ್ಮಗಳ ಲಗ್ನ ಕುರ್ಚಿ ಮ್ಯಾಲ ಕೂತು ನೋಡೀನಿ."

ಇದು ನಮ್ಮ ಲೆಕ್ಕದಲ್ಲಿ ಇಲ್ಲದ ಮಾತು. ನೀರಿನ ವ್ಯವಸ್ಥೆ, ಶೌಚಾಲಯ, ನೆರಳು ಯಾವುದೂ ಆ ಕಣದಲ್ಲಿ ಇರಲಿಲ್ಲವೆಂಬುದು ನಮಗೆ ಆಗ ನೆನಪಾಯಿತು. ಕಳೆದುಹೋದುದರ ಗುಣಗಳಷ್ಟೇ ನಮ್ಮ ನೆನಪಿನಲ್ಲಿ ಉಳಿದಿದ್ದವು.

ಮೂರನೆಯ ದಿನ ಬೆಳಿಗ್ಗೆ ಕಾಳೇಶ್ವರನ ದರ್ಶನಕ್ಕೆ ಹೋದಾಗ ಆ ಇಂಜಿನಿಯರಿಂಗ್ ಹುಡುಗ ಜೊತೆಗೆ ಬಂದನು. ಬುಗ್ಗೆಯ ನೀರಿನಲ್ಲಿ ಮುಖ ತೊಳೆದುಕೊಂಡು, ರಾತ್ರಿ ತಾಯಿಗೆ ಎಲ್ಲವನ್ನೂ ಹೇಳಿದೆನೆಂದನು. ಆಕೆ ಬೈಯಲಿಲ್ಲವಂತೆ, ಬಹಳ ಹೊತ್ತು ಅವನ ಪಾದಗಳನ್ನು ಹಿಡಿದುಕೊಂಡು ಕುಳಿತಿದ್ದರಂತೆ.

ಕಾಳಗಿಯಿಂದ ಹೊರಟವರು ನೇರವಾಗಿ ಕಲಬುರಗಿಗೆ ಬಾರದೆ ಆ ಊರಿಗೆ ಹೋದೆವು. ಮಂಟಪದ ಹಿಂದೆ ಮೂವತ್ತು ಗುಂಟೆಯಷ್ಟು ಬಯಲು ಜಾಲಿ ಬೆಳೆದು ಬಿದ್ದಿದೆ. ಪ್ರಮುಖರನ್ನು ಕೂಡಿಸಿ, ಅಲ್ಲಿ ಕಣ ಮಾಡಿರೆಂದು, ಅಂದಿನ ಭಾಷಣ ನಮ್ಮ ತಪ್ಪೆಂದು ಹೇಳಿದೆವು. ಒಬ್ಬರು ಕೆಮ್ಮಣ್ಣಿನ ಎರಡು ಟ್ರ್ಯಾಕ್ಟರ್ ತಮ್ಮ ಸೇವೆ ಎಂದರು. ಇನ್ನೊಬ್ಬರು ಸುತ್ತ ಕಾಂಪೌಂಡ್ ಕಟ್ಟಿಸುವೆನೆಂದರು, ಅದು ಬೇಡವೆಂದೆವು. ಅದರ ಬದಲು ಬೇವಿನ ಮರದ ಕಡೆ ಹೆಣ್ಣುಮಕ್ಕಳಿಗೆ ಕೂಡಲು ಮೂರು ಮೆಟ್ಟಿಲಿನ ಕಟ್ಟೆ, ಹಿಂದೆ ನೀರು, ಶೌಚಾಲಯ ಆಗಬೇಕೆಂದು ಕೇಳಿಕೊಂಡೆವು. ಮಣ್ಣಿನ ಮಾತಿಗೆ ಕೂಡಲೇ ತಲೆಯಾಡಿಸಿದವರು ಕಟ್ಟೆಯ ಮಾತಿಗೆ ಪರಸ್ಪರ ಮುಖ ನೋಡಿಕೊಂಡರು. ಯುಗಾದಿಯ ಹೊತ್ತಿಗೆ ತಿಳಿಸುತ್ತೇವೆಂದಿದ್ದಾರೆ.